ಕಲಾವ್ರಿತಾ: ಕಥೆಗೆ ಮೂರು ಪ್ಯಾರಾ, ಇತಿಹಾಸಕ್ಕೆ ಒಂದು ಸಾಲು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಗ್ರೀಸ್ ದೇಶದ ಕಲಾವ್ರಿತಾ ಎಂಬ ಬೆಟ್ಟದ ಪಟ್ಟಣದ ಬಗ್ಗೆ ಬಂದ ಪ್ರವಾಸ ಲೇಖನವನ್ನು ನೋಡಿ ಬಹಳ ಸಂತೋಷವಾಯಿತು. ನಮ್ಮ ಕರಾವಳಿಯ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ ಊರು ಅದು, ಮತ್ತು ನನ್ನ ಅಳಿಯ ಹಡಗು ಕಂಪೆನಿಯೊಂದರ ಕೆಲಸದ ಮೇಲೆ ಪಿರೆಯಸ್ ಬಂದರಿನಲ್ಲಿದ್ದ ಕಾಲದಲ್ಲಿ ಒಂದು ನವೆಂಬರಿನ ಕೊನೆಯಲ್ಲಿ ನಾನು ಕಣ್ಣಾರೆ ನೋಡಿ ಬಂದ ಊರೂ ಹೌದು. ಆದರೆ ಲೇಖನವನ್ನು ಓದಿ ಮುಗಿಸುವಾಗ ಮನಸ್ಸಿಗೆ ಕಸಿವಿಸಿಯಾಯಿತು. ಅಲ್ಲಿನ ಮಠದಲ್ಲಿ ಸ್ವಾತಂತ್ರ್ಯದ ಬಾವುಟ ಎತ್ತಿದ ಪ್ರಸಂಗವನ್ನೂ, ಒಬ್ಬ ಆಸ್ಟ್ರಿಯನ್ ಸೈನಿಕ ಶಾಲೆಯ ಬಾಗಿಲು ತೆರೆದು ಹೆಂಗಸರು ಮಕ್ಕಳನ್ನು ಉಳಿಸಿದ ಪ್ರಸಂಗವನ್ನೂ ನಡೆದೇ ಹೋದ ಘಟನೆಗಳೆಂಬಂತೆ ಮೂರು ಪ್ಯಾರಾಗಳಲ್ಲಿ ಬಣ್ಣಿಸಿದ ಲೇಖಕರು, 1943ರ ಡಿಸೆಂಬರ್ 13ರಂದು ಆ ಊರಿಗೆ ಏನಾಯಿತು ಎಂಬುದನ್ನು "ಯುದ್ಧಕಾಲದಲ್ಲಿ ಊರು ತೊಂದರೆಗೀಡಾಯಿತು" ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸಂಶಯವಿರುವುದಕ್ಕೆ ಸಿಕ್ಕಿದ ಜಾಗ ಸಂಶಯವೇ ಇಲ್ಲದುದಕ್ಕೆ ಸಿಗಲಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವಳಾದ್ದರಿಂದ ಇದನ್ನು ನೋಡಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ದಯವಿಟ್ಟು ಕ್ಷಮಿಸಬೇಕು.

ಮೊದಲಿಗೆ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಐತಿಹ್ಯಗಳ ಮೇಲೆ ನನಗೆ ಯಾವ ಅಸಡ್ಡೆಯೂ ಇಲ್ಲ. ಪರಶುರಾಮನು ಕೊಡಲಿ ಎಸೆದು ಸಮುದ್ರವನ್ನು ಹಿಂದಕ್ಕೆ ಸರಿಸಿದ ನೆಲ ನಮ್ಮದು ಎಂದು ಕೇಳುತ್ತ ಬೆಳೆದವರು ನಾವು. ಕಲಾವ್ರಿತಾಕ್ಕೆ ಹೋಗುವ ದಾರಿಯೇ ಅಂಥ ಒಂದು ಕಥೆಯ ಒಳಗಿನಿಂದ ಹಾದುಹೋಗುತ್ತದೆ. ಕೊರಿಂಥ್ ಕೊಲ್ಲಿಯ ದಡದಲ್ಲಿರುವ ದಿಯಾಕೊಫ್ತೊ ಎಂಬಲ್ಲಿಂದ ಹೊರಡುವ ಪುಟ್ಟ ರೈಲು ವುರಾಯಿಕೋಸ್ ನದಿಯ ಕಂದರದ ಗುಂಟ ಸುಮಾರು 22 ಕಿಲೋಮೀಟರ್ ಏರಿ ಪಟ್ಟಣ ಸೇರುತ್ತದೆ. ಬೂರಾ ಎಂಬ ಚೆಲುವೆಯನ್ನು ಸೇರಬೇಕೆಂಬ ಆತುರದಲ್ಲಿ ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್ ಬೆಟ್ಟವನ್ನೇ ಸೀಳಿದ, ಆ ಸೀಳಿನಲ್ಲಿ ಹರಿದ ನದಿಗೆ ಅವಳ ಹೆಸರೇ ಬಂತು ಎಂದು ಅಲ್ಲಿಯವರು ಹೇಳುತ್ತಾರೆ. 1896ರಲ್ಲಿ ಓಡಾಟಕ್ಕೆ ತೆರೆದ ಆ ಮಾರ್ಗದ ಹಳಿಗಳ ನಡುವಿನ ಅಂತರ ಬರೀ 75 ಸೆಂಟಿಮೀಟರ್. ಕಡಿದಾದ ಕಡೆಗಳಲ್ಲಿ ನಮ್ಮ ಊಟಿಯ ರೈಲಿನಂತೆ ಹಳಿಗಳ ಮಧ್ಯೆ ಹಲ್ಲುಪಟ್ಟಿ ಹಾಸಿದ್ದಾರೆ. ಗಾಡಿ ನಿಧಾನವಾಗಿ ಆ ಪಟ್ಟಿಯನ್ನು ಕಚ್ಚಿಕೊಳ್ಳುವಾಗ ಕಾಲಡಿಯಿಂದ ಕರಕರ ಸದ್ದು ಬರುತ್ತದೆ, ಕಿಟಕಿಯಿಂದ ಕೈ ಚಾಚಿದರೆ ಬಂಡೆ ಸಿಗುವುದೋ ಎಂಬಷ್ಟು ಹತ್ತಿರ ಬೆಟ್ಟವಿರುತ್ತದೆ. ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲಿನಲ್ಲಿ ಹೋದವರಿಗೂ ಆ ಕಂದರ ಹೊಸದೆನಿಸೀತು. ಅಲ್ಲಿ ಕುಳಿತು ಹೆರಾಕ್ಲಿಸನ ಕಥೆ ಕೇಳಿದಾಗ ನಾನು ಯಾವ ತಕರಾರೂ ಎತ್ತಲಿಲ್ಲ. ಏಕೆಂದರೆ ಹೇಳಿದವರೂ ಅದನ್ನು ಕಥೆಯಾಗಿಯೇ ಹೇಳಿದರು.

ಆ ಸೀಮೆಯ ಐತಿಹ್ಯಗಳು ನಿಜಕ್ಕೂ ಶ್ರೀಮಂತವಾದವು, ಮತ್ತು ಲೇಖಕರು ಅವುಗಳಲ್ಲಿ ಉತ್ತಮವಾದವನ್ನೇ ಬಿಟ್ಟಿದ್ದಾರೆ. ಕಲಾವ್ರಿತಾ ಎಂದರೆ ಒಳ್ಳೆಯ ಒರತೆಗಳ ಊರು, ನಮ್ಮ ತಣ್ಣೀರುಬಾವಿಯ ಹಾಗೆ ನೀರಿನಿಂದಲೇ ಬಂದ ಹೆಸರು. ಹಿಂದೆ ಆ ಕಡೆ ಕಿನೈಥಾ ಎಂಬ ಪಟ್ಟಣವಿತ್ತು. ಎರಡನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಗ್ರೀಕ್ ಪ್ರವಾಸಿ ಲೇಖಕ ಪೌಸಾನಿಯಸ್, ಪಟ್ಟಣದ ಹೊರಗೆ ಮರವೊಂದರ ಕೆಳಗೆ ತಣ್ಣನೆಯ ಚಿಲುಮೆಯೊಂದಿದೆ, ಅದರ ನೀರು ಕುಡಿದರೆ ಹುಚ್ಚುನಾಯಿ ಕಚ್ಚಿದವರು ಗುಣವಾಗುತ್ತಾರೆ ಎಂದು ಬರೆದಿಟ್ಟಿದ್ದಾನೆ. ಪಟ್ಟಣದ ಬೆನ್ನಿಗಿರುವ ಹೆಲ್ಮೋಸ್ ಪರ್ವತದ ಕಡಿದಾದ ಬಂಡೆಯಿಂದ ಇಳಿಯುವ ಜಲಪಾತವೇ ಸ್ಟಿಕ್ಸ್. ಪಾತಾಳದ ನದಿಯಾದ ಅದರ ಮೇಲೆ ದೇವತೆಗಳು ಆಣೆ ಇಡುತ್ತಿದ್ದರಂತೆ. ಸುಳ್ಳು ಆಣೆ ಮಾಡಿದ ದೇವತೆ ಒಂದು ವರ್ಷ ಉಸಿರಿಲ್ಲದೆ ಬಿದ್ದಿರಬೇಕು, ಆಮೇಲೆ ಒಂಬತ್ತು ವರ್ಷ ದೇವಸಭೆಯಿಂದ ಹೊರಗಿರಬೇಕು ಎಂದು ಹೆಸಿಯಡ್ ಕವಿ ಹೇಳುತ್ತಾನೆ. 'ಮಾತು ಬಿಡ ಮಂಜುನಾಥ' ಎಂದು ನಂಬಿ ವ್ಯಾಜ್ಯ ತೀರಿಸಿಕೊಳ್ಳುವ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಟ್ರಾಯ್ ಯುದ್ಧದ ವೀರ ಅಕಿಲೀಸನನ್ನು, ಮೈಗೆ ಗಾಯವೇ ತಾಗದಿರಲೆಂದು, ಅವನ ತಾಯಿ ಹಿಮ್ಮಡಿ ಹಿಡಿದು ಅದ್ದಿದ್ದು ಇದೇ ನೀರಿನಲ್ಲಿ. ಅಲೆಕ್ಸಾಂಡರನಿಗೆ ಹಾಕಿದ ವಿಷವೂ ಇದೇ ನೀರು, ಯಾವ ಪಾತ್ರೆಯೂ ಅದನ್ನು ತಾಳದ ಕಾರಣ ಹೇಸರಗತ್ತೆಯ ಗೊರಸಿನಲ್ಲಿ ಒಯ್ದರು ಎಂಬ ಕಥೆಯೂ ಹಳೆಯ ಕಾಲದಿಂದ ಇದೆ. ಅಲ್ಲಿಯ ಜನ ಇಂದಿಗೂ ಅದನ್ನು ಕಪ್ಪುನೀರು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು ಪೊಲಿಬಿಯಸ್ ಹೇಳಿದ ಮಾತು. ಅವನು ಹಳೆಯ ಕಾಲದ ಗ್ರೀಕ್ ಇತಿಹಾಸಕಾರ, ಕಿನೈಥಾ ಸೇರಿದ್ದ ಆರ್ಕೇಡಿಯ ಸೀಮೆಯವನೇ. ಚಳಿ ಹೆಚ್ಚು, ದುಡಿಮೆ ಕಠಿಣ, ಇಂಥ ನೆಲದಲ್ಲಿ ಜನರ ಮನಸ್ಸು ಒರಟಾಗಬಾರದೆಂದು ಹಿರಿಯರು ಸಂಗೀತವನ್ನು ಎಲ್ಲರಿಗೂ ಕಡ್ಡಾಯ ಮಾಡಿದ್ದರು, ಮಕ್ಕಳು ಎಳವೆಯಿಂದಲೇ ದೇವರ ಹಾಡುಗಳನ್ನು ಕಲಿತು ಮೂವತ್ತು ವರ್ಷದವರೆಗೂ ಅಭ್ಯಾಸ ಮಾಡುತ್ತಿದ್ದರು, ಬೇರೆ ಯಾವ ವಿದ್ಯೆ ಬರುವುದಿಲ್ಲವೆಂದರೂ ನಾಚಿಕೆಯಿಲ್ಲ, ಹಾಡು ಬರುವುದಿಲ್ಲ ಎನ್ನುವಂತಿರಲಿಲ್ಲ ಎಂದು ಅವನು ಬರೆಯುತ್ತಾನೆ. ಆ ಪದ್ಧತಿಯನ್ನು ಬಿಟ್ಟವರು ಕಿನೈಥಾದವರು ಮಾತ್ರ. ಒಳಜಗಳ, ಕೊಲೆ, ಗಡೀಪಾರುಗಳಲ್ಲಿ ಊರು ಕೊಳೆತುಹೋಗಿ, ಕ್ರಿ.ಪೂ. 220ರಲ್ಲಿ ಒಳಗಿನವರೇ ಬಾಗಿಲು ತೆರೆದುಕೊಟ್ಟು ಶತ್ರುಗಳ ಕೈಯಲ್ಲಿ ನಾಶವಾಯಿತು. ಅದಕ್ಕೂ ಮೊದಲು, ದೊಡ್ಡ ಹತ್ಯೆಯೊಂದರ ಬಳಿಕ ಕಿನೈಥಾದ ದೂತರು ತಮ್ಮ ಊರನ್ನು ಹಾದುಹೋದರೆಂದು ಆ ಸೀಮೆಯದೇ ಇನ್ನೊಂದು ಪಟ್ಟಣವಾದ ಮಂಟಿನೇಯದವರು ಊರಿಗೆಲ್ಲ ಶುದ್ಧಿ ಮಾಡಿಸಿದರಂತೆ. ಸಂಗೀತ ಬಿಟ್ಟ ಮಾತ್ರಕ್ಕೆ ಒಂದು ಊರು ಕ್ರೂರವಾಗುತ್ತದೆಯೇ ಎಂಬ ಪ್ರಶ್ನೆ ಇರಲಿ. ರಾತ್ರಿಯಿಡೀ ಯಕ್ಷಗಾನದ ಚೆಂಡೆ ಕೇಳಿ ಬೆಳಗ್ಗೆ ಗದ್ದೆಗೆ ಇಳಿಯುತ್ತಿದ್ದ ಅಪ್ಪ, ದೊಡ್ಡಪ್ಪಂದಿರನ್ನು ಕಂಡ ನನಗೆ ಪೊಲಿಬಿಯಸ್ ಏನು ಹೇಳಲು ಹೊರಟಿದ್ದ ಎಂಬುದು ಅರ್ಥವಾಗುತ್ತದೆ. ಇಂಥದ್ದೊಂದನ್ನು ಬಿಟ್ಟು ಲೇಖಕರು ಹಿಮದ ಮೇಲೆ ಜಾರುವ ಆಟದ ಶುಲ್ಕದ ವಿವರ ಕೊಟ್ಟಿರುವುದು ನನಗೆ ಅಷ್ಟು ಸರಿಕಾಣಲಿಲ್ಲ.

ಇನ್ನು ಬಾವುಟದ ವಿಷಯ. ಪಟ್ಟಣದ ಸಮೀಪವೇ ಇರುವ ಆಯಿಯಾ ಲಾವ್ರಾ ಮಠ 961ರಲ್ಲಿ ಸ್ಥಾಪನೆಯಾದದ್ದು. 1821ರ ಮಾರ್ಚ್ 25ರಂದು ಅಲ್ಲಿ ಪಾತ್ರಾ ಪಟ್ಟಣದ ಧರ್ಮಾಧ್ಯಕ್ಷ ಗೆರ್ಮನೋಸ್, ಗರ್ಭಗುಡಿಯ ಪರದೆಯನ್ನೇ ಬಾವುಟವಾಗಿ ಎತ್ತಿಹಿಡಿದು, ತುರ್ಕರ ಆಳ್ವಿಕೆಯ ವಿರುದ್ಧ ಹೋರಾಡುವ ಪ್ರತಿಜ್ಞೆಯನ್ನು ನಾಯಕರಿಂದ ಮಾಡಿಸಿದ ಎಂಬುದು ಗ್ರೀಸಿನ ಪ್ರತಿ ಮಗುವಿಗೂ ಗೊತ್ತಿರುವ ಕಥೆ. ಆ ಪರದೆಯನ್ನು ಮಠದಲ್ಲಿ ಈಗಲೂ ಜತನದಿಂದ ಇಟ್ಟಿದ್ದಾರೆ. ಆದರೆ ಗೆರ್ಮನೋಸ್ ಸ್ವತಃ ಬರೆದ ನೆನಪುಗಳಲ್ಲಿ ಈ ಪ್ರಸಂಗವೇ ಇಲ್ಲ, ಆ ದಿನ ಆತ ಇದ್ದದ್ದು ಪಾತ್ರಾದಲ್ಲಿ. ಕಥೆಯನ್ನು ಜಗತ್ತಿಗೆ ಹಬ್ಬಿಸಿದ್ದು ಪುಕ್ವಿಲ್ ಎಂಬ ಫ್ರೆಂಚ್ ಲೇಖಕನ ಪುಸ್ತಕ. 1838ರಲ್ಲಿ ಮಾರ್ಚ್ 25 ರಾಷ್ಟ್ರೀಯ ಹಬ್ಬವಾಯಿತು, 1865ರಲ್ಲಿ ವ್ರಿಜಾಕಿಸ್ ಎಂಬ ಚಿತ್ರಕಾರ ಆ ದೃಶ್ಯವನ್ನು ಬರೆದ, ಆಮೇಲೆ ಜನರ ಕಣ್ಣಿಗೆ ಕಾಣುವುದೆಲ್ಲ ಆ ಚಿತ್ರವೇ ಆಯಿತು. ಗ್ರೀಸಿನ ಇತಿಹಾಸಕಾರರೇ ಇದನ್ನು ಐತಿಹ್ಯ ಎಂದು ಹೇಳುತ್ತ ಬಂದಿದ್ದಾರೆ. ವಿಚಿತ್ರವೆಂದರೆ, ನಡೆದ ಸಂಗತಿ ಕಥೆಗಿಂತ ಕಳಪೆಯದೇನೂ ಅಲ್ಲ. ಮಾರ್ಚ್ 21ರಂದೇ ಕಲಾವ್ರಿತಾದ ಸುತ್ತಿನ ಜನ ಪಟ್ಟಣದ ತುರ್ಕರ ಗೋಪುರಗಳಿಗೆ ಮುತ್ತಿಗೆ ಹಾಕಿ, ಕೆಲವೇ ದಿನಗಳಲ್ಲಿ ಊರನ್ನು ತಮ್ಮದಾಗಿಸಿಕೊಂಡಿದ್ದರು. ಇಡೀ ಹೋರಾಟದಲ್ಲಿ ಮೊದಮೊದಲು ಬಿಡುಗಡೆಯಾದ ಊರುಗಳಲ್ಲಿ ಅದೂ ಒಂದು. ಧರ್ಮಾಧ್ಯಕ್ಷನ ಬಾವುಟ ಅಷ್ಟು ಎತ್ತರಕ್ಕೆ ಹಾರಿದ್ದರಿಂದ ಆ ಊರಿನವರ ಮುತ್ತಿಗೆ ಕಣ್ಣಿಗೆ ಬೀಳದೆ ಹೋಯಿತು.

ನಮ್ಮಲ್ಲೂ ಒಂದು ಬಾವುಟಗುಡ್ಡೆ ಇದೆ. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಕಂಪೆನಿ ಸರಕಾರವನ್ನು ಓಡಿಸಿ, ಮಂಗಳೂರಿನ ಆ ಗುಡ್ಡೆಯ ಮೇಲೆ ಬಾವುಟ ಹಾರಿಸಿ, ಹದಿಮೂರು ದಿನ ಊರನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು. ಆ ದಾರಿಯಲ್ಲಿ ದಿನವೂ ಬಸ್ಸಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಕಾರಣ ಗೊತ್ತಿದೆ? ಬಾರ್ಕೂರಿನ ಭೂತಾಳ ಪಾಂಡ್ಯನ ಕಥೆಯಾದರೋ ಎಲ್ಲರ ಬಾಯಲ್ಲೂ ಇದೆ. ಕುಂಡೋದರ ಭೂತ ಬಲಿ ಕೇಳಿದಾಗ ಹೆಂಡತಿ ತನ್ನ ಮಕ್ಕಳನ್ನು ಕೊಡಲೊಪ್ಪದೆ, ತಂಗಿ ತನ್ನ ಮಗನನ್ನು ಕೊಡಲು ಮುಂದಾದಳು, ಅದರಿಂದಲೇ ಅಳಿಯಕಟ್ಟು ಹುಟ್ಟಿತು ಎಂಬ ಕಥೆಯನ್ನು ನಾನೂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. "ಟೀಚರ್, ಇದು ನಿಜವಾ?" ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು. ಆಗ ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಬಾರ್ಕೂರಿನಲ್ಲಿ ಸಿಕ್ಕಿದ ಆಳುಪರ ಶಾಸನಗಳ ಮಾತಿಗೆ ಬರುತ್ತಿದ್ದೆ. ಇದು ಕಲ್ಲು ಹೇಳುವುದು, ಅದು ಜನ ಹೇಳುವುದು, ಎರಡನ್ನೂ ನೋಟ್ಸಿನಲ್ಲಿ ಬೇರೆ ಬೇರೆ ಪುಟದಲ್ಲಿ ಬರೆದುಕೊಳ್ಳಿ ಎನ್ನುತ್ತಿದ್ದೆ. ನಿಮ್ಮ ಲೇಖಕರಿಂದ ನಾನು ನಿರೀಕ್ಷಿಸಿದ್ದೂ ಅಷ್ಟೇ.

ಈಗ ಒಂದೇ ಸಾಲಿನಲ್ಲಿ ಮುಗಿದ ವಿಷಯಕ್ಕೆ ಬರುತ್ತೇನೆ. ಎರಡನೆಯ ಮಹಾಯುದ್ಧದಲ್ಲಿ ಗ್ರೀಸ್ ಜರ್ಮನರ ವಶದಲ್ಲಿದ್ದಾಗ, 1943ರ ಅಕ್ಟೋಬರ್‌ನಲ್ಲಿ ಆ ಬೆಟ್ಟಗಳಲ್ಲಿದ್ದ ಗೆರಿಲ್ಲಾ ಹೋರಾಟಗಾರರು ಸುಮಾರು 80 ಜರ್ಮನ್ ಸೈನಿಕರನ್ನು ಸೆರೆಹಿಡಿದರು, ಡಿಸೆಂಬರ್‌ನಲ್ಲಿ ಅವರನ್ನು ಕೊಂದರು. ಇದನ್ನೂ ಮುಚ್ಚಿಡಬಾರದು. ಅದಕ್ಕೆ ಪ್ರತೀಕಾರವಾಗಿ ಜನರಲ್ ಕಾರ್ಲ್ ಫನ್ ಲ ಸ್ವೀರನ 117ನೇ ಡಿವಿಜನ್ ಹಳ್ಳಿಗಳನ್ನು ಸುಡುತ್ತ, ಸಿಕ್ಕಿದ ಗಂಡಸರನ್ನು ಕೊಲ್ಲುತ್ತ ಪಟ್ಟಣದ ಕಡೆಗೆ ಬಂತು. ಬಂಡೆಗೆ ಒರಗಿಸಿ ಕಟ್ಟಿದ ಮೆಗಾ ಸ್ಪಿಲಿಯೊ ಮಠದ ಸನ್ಯಾಸಿಗಳನ್ನೂ ಬಿಡಲಿಲ್ಲ. ಡಿಸೆಂಬರ್ 13ರ ಬೆಳಗ್ಗೆ ಚರ್ಚಿನ ಗಂಟೆ ಬಾರಿಸಿ, ಊರಿನ ಎಲ್ಲರೂ ಪ್ರಾಥಮಿಕ ಶಾಲೆಗೆ ಬರಬೇಕೆಂದು ಹೇಳಿದರು. ಅಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಒಂದು ಕಡೆ, ಗಂಡಸರನ್ನು ಇನ್ನೊಂದು ಕಡೆ ಮಾಡಿದರು. ಹದಿಮೂರು ಹದಿನಾಲ್ಕು ವರ್ಷದ ಹುಡುಗರೂ ಗಂಡಸರ ಲೆಕ್ಕಕ್ಕೆ ಸೇರಿದರು. ಗಂಡಸರನ್ನು ಊರಿನ ಮೇಲ್ಭಾಗದ ಕಪ್ಪೀ ದಿಬ್ಬಕ್ಕೆ ನಡೆಸಿಕೊಂಡು ಹೋದರು. ಅಲ್ಲಿ ನಿಂತರೆ ಕೆಳಗಿನ ಪಟ್ಟಣ ಅಂಗೈಯಲ್ಲಿಟ್ಟ ಹಾಗೆ ಕಾಣಿಸುತ್ತದೆ. ತಮ್ಮ ಮನೆಗಳಿಗೆ ಬೆಂಕಿ ಬೀಳುವುದನ್ನು ಅವರು ಅಲ್ಲಿಂದ ನೋಡಿದರು, ಅನಂತರ ಮೆಶಿನ್‌ಗನ್ ಹಾರಿತು. ಪಟ್ಟಣದಲ್ಲಿ ಸತ್ತವರು 400ಕ್ಕೂ ಹೆಚ್ಚು, ಸುತ್ತಲಿನ ಹಳ್ಳಿ ಮಠಗಳನ್ನೂ ಸೇರಿಸಿದರೆ 700ರ ಹತ್ತಿರ. ಹೆಣಗಳ ಅಡಿಯಲ್ಲಿ ಬಿದ್ದು ಬದುಕಿ ಉಳಿದವರು ಹದಿಮೂರು ಮಂದಿ. ಮರುದಿನ ಆಯಿಯಾ ಲಾವ್ರಾ ಮಠಕ್ಕೂ ಬೆಂಕಿ ಇಟ್ಟರು.

ಆ ಹೊತ್ತಿನಲ್ಲಿ ಶಾಲೆಗೂ ಬೆಂಕಿ ತಗಲಿತ್ತು. ಒಳಗೆ ಕೂಡಿಹಾಕಿದ್ದ ಹೆಂಗಸರು ಮಕ್ಕಳನ್ನು ಕಿಟಕಿಗಳಿಂದ ಹೊರಕ್ಕೆ ದಾಟಿಸಿ, ಬಾಗಿಲು ಮುರಿದು ಹೊರಬಂದರು. ಆಸ್ಟ್ರಿಯನ್ ಸೈನಿಕನ ಕಥೆ ಬರುವುದು ಇಲ್ಲಿ. ಕರುಣೆಯಿಂದ ಅವನು ಬಾಗಿಲು ತೆರೆದ, ಅದಕ್ಕಾಗಿ ಅವನನ್ನೇ ಗುಂಡಿಕ್ಕಿ ಕೊಂದರು ಎಂಬ ಈ ಕಥೆ ಯುದ್ಧ ಮುಗಿದ ಬಳಿಕ ಬೆಳೆದದ್ದು. ದಾಖಲೆಯ ಆಧಾರ ಅದಕ್ಕಿಲ್ಲ, ಬದುಕಿ ಉಳಿದವರಲ್ಲೇ ಹಲವರು ಅದನ್ನು ಒಪ್ಪಿಲ್ಲ. ಶತ್ರುವಿನ ಎದೆಯಲ್ಲೂ ಒಂದಿಷ್ಟು ಕರುಣೆ ಇತ್ತೆಂದು ನಂಬಲು ಮನಸ್ಸು ಹಂಬಲಿಸುವುದು ಸಹಜ, ನನಗೂ ಆ ಹಂಬಲವಿದೆ. ಆದರೆ ಹೆರಾಕ್ಲಿಸನ ಕಥೆಯಿಂದ ಯಾರಿಗೂ ನಷ್ಟವಿಲ್ಲ, ಈ ಕಥೆಯಿಂದ ನಷ್ಟವಿದೆ. ಹೊಗೆ ತುಂಬಿದ ಕೋಣೆಯಲ್ಲಿ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬಾಗಿಲನ್ನು ನೂಕಿ ಮುರಿದ ತಾಯಂದಿರ ಕೆಲಸವನ್ನು ಅದು ಹೆಸರಿಲ್ಲದ ಒಬ್ಬ ಸೈನಿಕನ ಖಾತೆಗೆ ಬರೆದುಬಿಡುತ್ತದೆ. ಆ ಹೆಂಗಸರು ಹೊರಬಂದು ಮಾಡಿದ್ದೇನು ಎಂಬುದಕ್ಕೆ ಲೇಖನದಲ್ಲಿ ಜಾಗವೇ ಸಿಗಲಿಲ್ಲ. ಅವರು ದಿಬ್ಬ ಹತ್ತಿದರು. ಗಂಡ, ಅಪ್ಪ, ಮಗ, ಅಣ್ಣ ಯಾರೆಂದು ಗುರುತಿಸಿ, ಕಂಬಳಿಗಳ ಮೇಲೆ ಎಳೆದು ತಂದು, ಚಳಿಗೆ ಕಲ್ಲಾಗಿದ್ದ ನೆಲವನ್ನು ಸಿಕ್ಕಿದ ಸಲಕರಣೆಗಳಿಂದಲೂ ಬರಿಗೈಯಿಂದಲೂ ತೋಡಿ, ದಿನಗಟ್ಟಲೆ ಹೂಳಿದರು. ಗಂಡಸರೇ ಉಳಿಯದ ಆ ಸುಟ್ಟ ಊರನ್ನು ಆಮೇಲೆ ಕಟ್ಟಿ ನಿಲ್ಲಿಸಿದವರೂ ಅವರೇ.

ಆ ಶಾಲೆ ಈಗ ವಸ್ತುಸಂಗ್ರಹಾಲಯವಾಗಿದೆ. ನಾನು ಹೋದ ದಿನ ಮಳೆ ಹನಿಯುತ್ತಿತ್ತು, ಒಳಗೆ ನನ್ನನ್ನು ಬಿಟ್ಟರೆ ಒಂದು ಶಾಲೆಯ ಮಕ್ಕಳು ಮಾತ್ರ. ಸತ್ತವರ ಭಾವಚಿತ್ರಗಳನ್ನು ಒಂದು ಗೋಡೆಯಲ್ಲಿ ಸಾಲಾಗಿ ಹಾಕಿದ್ದಾರೆ: ಮದುವೆಯ ದಿನ ತೆಗೆಸಿಕೊಂಡದ್ದು, ಸೈನ್ಯದ ಸಮವಸ್ತ್ರದಲ್ಲಿರುವುದು, ಶಾಲೆಯ ಗುಂಪುಚಿತ್ರದಿಂದ ಕತ್ತರಿಸಿ ತೆಗೆದದ್ದು. ಅವರಲ್ಲಿ ಒಬ್ಬ ಹುಡುಗನ ಅಂಗಿಯ ಮೇಲಿನ ಗುಂಡಿಯನ್ನು ಕುತ್ತಿಗೆಯವರೆಗೂ ಬಿಗಿಯಾಗಿ ಹಾಕಿದ್ದರು, ಫೋಟೋ ತೆಗೆಸುವ ದಿನ ನಮ್ಮ ಮಕ್ಕಳಿಗೆ ನಾವು ಹಾಕುತ್ತಿದ್ದ ಹಾಗೆಯೇ. ನನ್ನ ಪಕ್ಕದಲ್ಲಿದ್ದ ಅಧ್ಯಾಪಕಿ ತನ್ನ ಮಕ್ಕಳಿಗೆ ಏನೋ ಹೇಳುತ್ತಿದ್ದವಳು ಆ ಗೋಡೆಯ ಮುಂದೆ ಬಂದಾಗ ಮಾತು ನಿಲ್ಲಿಸಿ, ಮಕ್ಕಳು ತಾವಾಗಿಯೇ ಮುಂದೆ ಹೋಗುವವರೆಗೆ ಕಾದಳು. ಹೊರಗೆ ಚರ್ಚಿನ ಎರಡು ಗೋಪುರಗಳಲ್ಲಿ ಒಂದರ ಗಡಿಯಾರವನ್ನು 2 ಗಂಟೆ 34 ನಿಮಿಷಕ್ಕೆ ನಿಲ್ಲಿಸಿಟ್ಟಿದ್ದಾರೆ, ಹತ್ಯೆ ನಡೆದ ಹೊತ್ತದು. ನಾನು ಅಲ್ಲಿ ನಿಂತಿದ್ದಾಗ ಹೊತ್ತು ಬೆಳಗಿನ ಹನ್ನೊಂದು. ಬೀದಿಯಲ್ಲಿ ಜನ ಕಾಫಿ ಕುಡಿಯುತ್ತ, ತರಕಾರಿ ಚೀಲ ಹಿಡಿದು ಓಡಾಡುತ್ತ ಇದ್ದರು, ಯಾರೂ ಆ ಗಡಿಯಾರದತ್ತ ತಲೆಯೆತ್ತಲಿಲ್ಲ. ಎತ್ತಬೇಕಾಗಿಯೂ ಇಲ್ಲ, ಅದು ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಅಂಗಡಿಯೊಂದರಲ್ಲಿ ಮುದುಕಿಯೊಬ್ಬರು ಗುಲಾಬಿ ಎಸಳಿನ ಸಿಹಿಯನ್ನು ಚಮಚದಲ್ಲಿ ಕೊಟ್ಟು ರುಚಿ ನೋಡಿ ಎಂದು ಸನ್ನೆ ಮಾಡಿದರು. ನಮ್ಮ ಗುಲ್ಕಂದದಂತೆಯೇ ಇತ್ತು. ದಿಬ್ಬಕ್ಕೆ ಹೋಗುವ ದಾರಿ ಕೇಳಿದೆ. ಅಂಗಡಿಯಿಂದ ಹೊರಗೆ ಬಂದು, ನನ್ನ ಮೊಣಕೈ ಹಿಡಿದು, ಮೇಲೆ ಕಾಣುವ ಬಿಳಿ ಶಿಲುಬೆಯನ್ನು ತೋರಿಸಿದರು.

ದಿಬ್ಬದ ಮೇಲೆ ಹೆಸರು ಕೆತ್ತಿದ ಕಲ್ಲುಗಳಿವೆ. ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತದೆ, ಗ್ರೀಕ್ ಲಿಪಿ ಓದಲು ಬಾರದ ನನಗೂ ಅಕ್ಷರಗಳ ಆಕಾರ ನೋಡಿ ಅಷ್ಟು ತಿಳಿಯಿತು. 2000ನೇ ಇಸವಿಯ ಏಪ್ರಿಲ್‌ನಲ್ಲಿ ಜರ್ಮನಿಯ ಅಧ್ಯಕ್ಷ ಯೊಹಾನೆಸ್ ರಾವ್ ಅಲ್ಲಿಗೆ ಬಂದು, ದುಃಖವನ್ನೂ ನಾಚಿಕೆಯನ್ನೂ ಬಾಯಿಬಿಟ್ಟು ಹೇಳಿಹೋದರು. ಪರಿಹಾರದ ಪ್ರಶ್ನೆ ಮಾತ್ರ ಎರಡು ದೇಶಗಳ ನಡುವೆ ಬಗೆಹರಿಯದೆ ಉಳಿದಿದೆ.

ಇಷ್ಟೆಲ್ಲ ಬರೆದದ್ದು ನಿಮ್ಮ ಲೇಖಕರನ್ನು ಹಳಿಯುವುದಕ್ಕಲ್ಲ. ಅವರ ಭಾಷೆ ಚೆನ್ನಾಗಿದೆ, ರೈಲಿನ ವರ್ಣನೆ ನಾನು ಬರೆದದ್ದಕ್ಕಿಂತ ಸೊಗಸಾಗಿದೆ. ನನ್ನ ಕೋರಿಕೆ ಎರಡೇ. ಬಾವುಟದ ಪ್ರಸಂಗವೂ ಸೈನಿಕನ ಪ್ರಸಂಗವೂ ಜನರು ಹೇಳುತ್ತ ಬಂದ ಕಥೆಗಳು ಎಂಬ ತಿದ್ದುಪಡಿಯನ್ನು ಮುಂದಿನ ಭಾನುವಾರದ ಪುರವಣಿಯಲ್ಲೇ, ಓದುಗರ ಕಣ್ಣಿಗೆ ಬೀಳುವ ಜಾಗದಲ್ಲಿ ಪ್ರಕಟಿಸಬೇಕು. ಮತ್ತು ಡಿಸೆಂಬರ್ 13 ಹತ್ತಿರ ಬರುವಾಗ ಆ ಊರಿನ ಹೆಂಗಸರ ಬಗ್ಗೆಯೇ ಒಂದು ಲೇಖನವನ್ನು ಬರೆಸಬೇಕು. ಬರೆಯುವವರಿಗೆ ಬೇಕಾದರೆ ಶಾಲೆಯಲ್ಲೂ ದಿಬ್ಬದಲ್ಲೂ ನಾನು ತೆಗೆದ ಚಿತ್ರಗಳನ್ನೂ, ಅಂದು ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನೂ ಕಳುಹಿಸಿಕೊಡಲು ಸಿದ್ಧಳಿದ್ದೇನೆ.

ವಂದನೆಗಳೊಂದಿಗೆ,

ನಿವೃತ್ತ ಇತಿಹಾಸ ಅಧ್ಯಾಪಕಿ,
ಬ್ರಹ್ಮಾವರ, ಉಡುಪಿ ಜಿಲ್ಲೆ